ಅವನಿಗೆ ಶುಗರ್ ಇರಲಿಲ್ಲ

ಮೊದಲು ಗಮನಿಸಿದ್ದು ಊಟದ ಹೊತ್ತಿನಲ್ಲಿ. ಮಾರ್ಕಸ್ ಚಮಚ ಹಿಡಿದುಕೊಂಡೇ ತೂಕಡಿಸಿದ. ತಲೆ ತಟ್ಟೆಯತ್ತ ವಾಲಿತು, ಮತ್ತೆ ಎದ್ದಿತು. ನಾನು ನಕ್ಕೆ. ಆಯಾಸ ಎಂದುಕೊಂಡೆ.

ನನ್ನ ಗಂಡ ಜರ್ಸಿ ಸಿಟಿಯ ಒಂದು ಬ್ಯಾಂಕಿನ ಬ್ಯಾಕ್ ಆಫೀಸಿನಲ್ಲಿದ್ದ. ಬ್ಯಾಂಕುಗಳು ಕುಸಿದ ಚಳಿಗಾಲದಲ್ಲಿ ಅವನ ವಿಭಾಗವನ್ನೇ ಮುಚ್ಚಿದರು. ಕೆಲಸದ ಜೊತೆ ಇನ್ಶೂರೆನ್ಸ್ ಹೋಯಿತು. ಬೆನ್ನಿನ ಸರ್ಜರಿಯ ನಂತರ ಬರೆದುಕೊಟ್ಟಿದ್ದ ಅಫೀಮಿನಂಥ ಪೇನ್‌ಕಿಲ್ಲರ್ ಮಾತ್ರ ಹೋಗಲಿಲ್ಲ. ಡಾಕ್ಟರ ಚೀಟಿ ಮುಗಿದ ಮೇಲೆ ಮಾತ್ರೆಗಳು ಬೇರೆಲ್ಲಿಂದಲೋ ಬಂದವು. ನಾನು ಹುಡುಕಿ ಹುಡುಕಿ ಟಾಯ್ಲೆಟ್ಟಿಗೆ ಸುರಿದೆ. "ಎಂಥವನನ್ನು ಕಟ್ಟಿಕೊಂಡೆ" ಎಂದು ಅವನ ಮುಖಕ್ಕೇ ಅಂದೆ.

ಹೊರಗೆ ಮಾತ್ರ ಬಾಯಿ ಬಿಡಲಿಲ್ಲ. ಕಪ್ಪು ಅಮೆರಿಕನ್ ಒಬ್ಬನನ್ನು ಮದುವೆಯಾದಾಗ ಇಲ್ಲಿನ ಕನ್ನಡದ ಆಂಟಿಯೊಬ್ಬರು, "ಡ್ರಗ್ಸ್ ಗಿಗ್ಸ್ ಇಲ್ಲ ತಾನೇ?" ಎಂದು ಕೇಳಿದ್ದರು. ಈಗ ಅವರನ್ನು ಗೆಲ್ಲಿಸಲು ನನಗೆ ಇಷ್ಟವಿರಲಿಲ್ಲ. ಅವನಿಗೆ ಶುಗರ್ ಎಂದುಬಿಟ್ಟೆ. ನಮ್ಮವರಲ್ಲಿ ಶುಗರ್ ಇಲ್ಲದ ಮನೆ ಯಾವುದಿದೆ? ಎಲ್ಲರೂ ನಂಬಿದರು. ಪೂಜೆಗೆ ಹೋದಲ್ಲೆಲ್ಲ ಸಜ್ಜಿಗೆ ಪ್ರಸಾದ ಅವನಿಗೆ ಚಿಟಿಕೆಯಷ್ಟೇ. ಅವನಿಗೋ ಸಜ್ಜಿಗೆಯೆಂದರೆ ಪ್ರಾಣ.

ನ್ಯೂವಾರ್ಕಿನಲ್ಲಿರುವ ಅತ್ತೆ ಲೊರೆಟಾ ಹಾಗಲ್ಲ. ಚರ್ಚಿನಲ್ಲಿ ಎದ್ದು ನಿಂತು, ಮಗನ ಹೆಸರು ಹೇಳಿ, ಮಾತ್ರೆಗಳಿಂದ ಬಿಡಿಸುವಂತೆ ಪ್ರಾರ್ಥಿಸಿ ಎಂದು ಕೇಳಿದ್ದರು. ಅವರ ಅಣ್ಣಂದಿರೇ ಅದಕ್ಕೆ ಸಿಟ್ಟಾಗಿ ಮಾತು ಬಿಟ್ಟರು. ನನಗೂ ಮೈ ಉರಿದಿತ್ತು.

"ನನ್ನ ತಮ್ಮನ ಡ್ರಗ್ಸ್ ವಿಷಯ ಎಲ್ಲರೂ ಸೇರಿ ಮುಚ್ಚಿಟ್ಟೆವು," ಎಂದರು ಅತ್ತೆ. "ಉಸಿರು ನಿಂತಾಗ ಪೊಲೀಸರು ಬರ್ತಾರೆ ಅಂತ ಫೋನ್ ಕೂಡ ಮಾಡಲಿಲ್ಲ. ಬಾತ್‌ಟಬ್‌ನಲ್ಲಿ ಕೂರಿಸಿ ತಣ್ಣೀರು ಸುರಿದೆವು. ಅಲ್ಲೇ ಹೋದ."

"ನಮ್ಮಲ್ಲಿ ಹೀಗೆಲ್ಲ ಹೇಳಿಕೊಳ್ಳೋದಿಲ್ಲ," ಎಂದೆ ನಾನು.

ಪ್ಲೇನ್ಸ್‌ಬರೋದಲ್ಲಿ ಅಕ್ಕನ ಮನೆಯ ಸತ್ಯನಾರಾಯಣ ಪೂಜೆ. ಅತ್ತೆಯೂ ಬಂದಿದ್ದರು. ಮಂಗಳಾರತಿ ಮುಗಿದು ಪ್ರಸಾದ ಹಂಚುತ್ತಿದ್ದಾಗ ಮಾರ್ಕಸ್ ಸೋಫಾದಲ್ಲಿ ವಾಲಿದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಅಯ್ಯೋ, ಶುಗರ್ ಲೋ ಆಗಿದೆ ಕಣೇ!" ಅಕ್ಕ ಓಡಿಹೋಗಿ ಸಕ್ಕರೆ ನೀರು ತಂದಳು. ಬಾಯಿ ಬಿಡಿಸಿ ಚಮಚದಲ್ಲಿ ಹುಯ್ದಳು. ಅದೇ ಆಂಟಿ ಸಜ್ಜಿಗೆ ತುರುಕಿದರು. "ಪಾಪ, ಇವತ್ತಾದ್ರೂ ತಿನ್ಲಿ."

ನನಗೆ ಗೊತ್ತಿತ್ತು.

ಮಾತು ಹೊರಡಲಿಲ್ಲ ಎಂದು ಬರೆಯಬಹುದು. ಸುಳ್ಳು. ಹೊರಡುತ್ತಿತ್ತು, ನಾನು ಆಡಲಿಲ್ಲ. ಸುತ್ತ ರೇಷ್ಮೆ ಸೀರೆಯವರೆಲ್ಲ ನಿಂತಿದ್ದರು. ತಾನಾಗಿ ಎದ್ದುಬಿಟ್ಟರೆ ಯಾರಿಗೂ ತಿಳಿಯದೆ ಮನೆಗೆ ಹೋಗಬಹುದು ಎಂದು ಕಾದೆ. ಎರಡು ನಿಮಿಷವಿರಬಹುದು. ಅವನ ಗಂಟಲು ಗೊರಗೊರ ಎನ್ನುತ್ತಿತ್ತು.

ಬಾತ್‌ರೂಮಿನಿಂದ ಬಂದ ಅತ್ತೆ ಅಕ್ಕನನ್ನು ತಳ್ಳಿ, ಮಗನನ್ನು ಮಗ್ಗುಲಿಗೆ ಹೊರಳಿಸಿ, ಬಾಯೊಳಗಿನ ಸಜ್ಜಿಗೆಯನ್ನು ಬೆರಳಿನಿಂದ ತೆಗೆದರು.

"ಇವನಿಗೆ ಡಯಾಬಿಟೀಸ್ ಇಲ್ಲ! ಮಾತ್ರೆ ತಿಂದಿದ್ದಾನೆ! ಆಂಬುಲೆನ್ಸ್ ಕರೀರಿ!"

ಆಂಬುಲೆನ್ಸಿನವರು ಆ ಮಾತ್ರೆಗಳ ಅಮಲು ಇಳಿಸುವ ನಲಾಕ್ಸೋನ್ ಕೊಟ್ಟರು. ಉಸಿರು ಮರಳಿತು. ಆದರೆ ಬಾಯಿಗೆ ಹಾಕಿದ್ದು ಲಂಗ್ಸ್‌ಗೆ ಇಳಿದಿತ್ತು. ಆಸ್ಪಿರೇಶನ್ ನ್ಯುಮೋನಿಯಾ. ಒಂಬತ್ತು ದಿನ ವೆಂಟಿಲೇಟರ್. "ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು," ಎಂದು ಐಸಿಯು ಡಾಕ್ಟರ್ ಹೇಳಿದಾಗ ಅಕ್ಕ ಅತ್ತಳು. ನಾನು ಗೋಡೆ ನೋಡಿದೆ.

ಹೊರಗೆ ಬೆಂಚಿನಲ್ಲಿ ಅತ್ತೆ ನಿಧಾನವಾಗಿ ಹೇಳಿದರು. "ನಿಮ್ಮವರ ಮನೆ ಅಂತ ಧೈರ್ಯವಾಗಿ ಆಂಬುಲೆನ್ಸ್ ಕರೆಸಿದೆ. ನನ್ನ ಮನೆಯಾಗಿದ್ದರೆ, ತಮ್ಮನನ್ನು ಕಳಕೊಂಡ ಮೇಲೂ, ಒಂದು ಕ್ಷಣ ತಡೀತಿದ್ದೆ. ನಾವು ಕಪ್ಪು ಜನ, ನನಗೆ ಪೊಲೀಸರ ಭಯ. ನಿನಗೆ ಯಾರ ಭಯ ಇತ್ತು?"

ಆಂಟಿಯರ ಭಯ ಎಂದು ಹೇಗೆ ಹೇಳಲಿ?

ಈಗ ಆರು ತಿಂಗಳಾಗಿದೆ. ದಿನಾ ಬೆಳಿಗ್ಗೆ ಅವನು ಚಟ ಬಿಡಿಸುವ ಚಿಕಿತ್ಸೆಯ ಮಾತ್ರೆಯನ್ನು ನಾಲಿಗೆಯ ಅಡಿ ಇಟ್ಟುಕೊಳ್ಳುತ್ತಾನೆ. ಕರಗುವವರೆಗೆ ನಾನು ಎದುರಿಗೆ ಕೂರುತ್ತೇನೆ. ಅತ್ತೆ ನನ್ನೊಡನೆ ಅಗತ್ಯವಿದ್ದಷ್ಟೇ ಮಾತನಾಡುತ್ತಾರೆ. ಅದು ನ್ಯಾಯವೇ. ಅಕ್ಕನಿಗೆ, ಆ ಆಂಟಿಗೆ, ನಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದೇನೆ. ಅವನಿಗೆ ಮಾತ್ರ ಹೇಳಿರಲಿಲ್ಲ.

ನಿನ್ನೆ ಮಾತ್ರೆ ಕರಗಿದ ಮೇಲೆ ಅವನೇ ಕೇಳಿದ.

"ಅವರು ಬಾಯಿಗೆ ಹುಯ್ಯುವಾಗ ನೀನೆಲ್ಲಿದ್ದೆ?"

"ಅಲ್ಲೇ ಇದ್ದೆ. ಗೊತ್ತಿದ್ದೂ ನೋಡ್ತಾ ನಿಂತಿದ್ದೆ."

ಅವನು ಎದ್ದು ಮೇಲೆ ಹೋದ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದ. ಕೆಳಗೆ ಕೂತು ಒಂದೊಂದನ್ನೂ ಕೇಳಿಸಿಕೊಂಡೆ. ನನ್ನನ್ನು ಕ್ಷಮಿಸುವನೋ ಇಲ್ಲವೋ, ಉಸಿರಾಡುತ್ತಿದ್ದಾನೆ.