ಹೂಡಿದ ಗಾಡಿ ಬಿಚ್ಚಿದ ಉಗ್ರಪ್ಪ

ಹೆಸರಿಟ್ಟವರಿಗೆ ಏನು ಬಂದಿತ್ತೋ ಕಾಣೆ. ಉಗ್ರಪ್ಪನಂಥ ಸಾಧು ಮನುಷ್ಯ ನಮ್ಮ ಅತ್ತಿಗುಪ್ಪೆಯಲ್ಲಿ ಇನ್ನೊಬ್ಬನಿರಲಿಲ್ಲ. ಜಟಕಾ ಹೊಡೆಯುವವನ ಬಾಯಲ್ಲಿ ಒಂದು ಬೈಗುಳವಾದರೂ ಬೇಡವೇ? ಕೈಯಲ್ಲಿ ಚಾವಟಿಯೇನೋ ಇರುತ್ತಿತ್ತು. ಅದನ್ನು ಕುದುರೆಗೆ ತೋರಿಸುತ್ತಿದ್ದ, ಅಷ್ಟೆ. ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾನು ಮಾತಾಡಿದರೆ ಮೂಡಲಪಾಳ್ಯಕ್ಕೆ ಕೇಳುತ್ತದೆ ಎಂದು ನಮ್ಮ ಯಜಮಾನರು ಹಂಗಿಸುತ್ತಿದ್ದರು. ಉಗ್ರಪ್ಪ ಮಾತಾಡಿದರೆ ಗೋಡೆಯಾಚೆ ಇದ್ದ ನನಗೇ ಕೇಳುತ್ತಿರಲಿಲ್ಲ.

ಕನ್ನಡ ನಾಡೆಲ್ಲ ಒಂದಾಯಿತೆಂದು ಶಾಲೆಯಲ್ಲಿ ಸಿಹಿ ಹಂಚಿದ ಕಾಲ ಅದು. ಮೈಸೂರು ರಸ್ತೆಯ ಮೇಲೆ ಬಸ್ಸುಗಳು ಹೆಚ್ಚಾಗಿದ್ದವು. ಮಾರ್ಕೆಟ್ಟಿಗೆ ಹೋಗುವವರು, ಬಿನ್ನಿಪೇಟೆಗೆ ಕೂಲಿಗೆ ಹೋಗುವವರು, ನೆಂಟರ ಮನೆಗೆ ಹೋಗುವವರು ಎಲ್ಲರೂ ಬಸ್ಸಿಗೇ ಬಿದ್ದರು. ಜೊತೆಯ ಜಟಕಾದವರು ಒಬ್ಬೊಬ್ಬರಾಗಿ ಕುದುರೆ ಮಾರಿ ಬೇರೆ ಕಸುಬು ನೋಡಿಕೊಂಡರು. ಉಗ್ರಪ್ಪ ಉಳಿದದ್ದು ಬಸುರಿಯರಿಂದ. ನೋವು ಬಂದ ಹೆಂಗಸನ್ನು ಬಸ್ಸಿನಲ್ಲಿ ಗಂಡಸರ ಮಧ್ಯೆ ತೂಗಾಡಿಸಿಕೊಂಡು ಹೋಗಲಾಗುತ್ತದೆಯೇ? ಇವನ ಗಾಡಿ ನಮ್ಮ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು, ಆಸ್ಪತ್ರೆಯ ಮೆಟ್ಟಿಲಿಗೆ ಇಳಿಸುತ್ತಿತ್ತು. ಹುಲ್ಲು ದಪ್ಪಗೆ ಹರಡಿ, ಮೇಲೆ ಜಮಖಾನ ಹಾಸಿ, ಹಿಂದೆ ಅಕ್ಕಯ್ಯಮ್ಮನ ಹಳೆ ಸೀರೆಯನ್ನು ಪರದೆಯಾಗಿ ಕಟ್ಟುತ್ತಿದ್ದ. ಅಕ್ಕಯ್ಯಮ್ಮ ಎಂದರೆ ಅವನ ಹೆಂಡತಿ. ಹೆತ್ತವಳು ಅದೇ ಗಾಡಿಯಲ್ಲಿ ಮಗುವಿನೊಂದಿಗೆ ಮರಳಬೇಕು, ಇಳಿದ ಕೂಡಲೆ ಮನೆಯವರು ಕುದುರೆಯ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಒಂದು ಅಚ್ಚು ಬೆಲ್ಲ ತಿನ್ನಿಸಬೇಕು. ನಮ್ಮ ಕಡೆ ಅದು ಪದ್ಧತಿಯೇ ಆಗಿಬಿಟ್ಟಿತ್ತು. ನನ್ನ ಮಕ್ಕಳೆಲ್ಲ ಆ ಗಾಡಿಯಲ್ಲೇ ಮನೆ ಸೇರಿದವರು.

ಆಮೇಲೆ ಮೂಡಲಪಾಳ್ಯದ ದೊಡ್ಡಣ್ಣನವರ ಸೊಸೆಯ ಸಂಗತಿ ನಡೆಯಿತು. ಆ ಮಹಾನುಭಾವರು ಹುಡುಗಿಯನ್ನು ಮನೆಯಲ್ಲೇ ನೋವು ತಿನ್ನಲು ಬಿಟ್ಟು, ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡ ಮೇಲೆ ಉಗ್ರಪ್ಪನನ್ನು ಕೂಗಿದರು. ಪಾಪ, ದಾರಿಯಲ್ಲೇ ಜೀವ ಹೋಯಿತು. ಹೆಣವನ್ನು ಅವನೇ ತಿರುಗಿ ತಂದು ಇಳಿಸಿದ. ತಪ್ಪು ಯಾರದು? ಗಾಡಿಯದಂತೆ! ಹೆಣ ಹೊತ್ತ ಗಾಡಿ, ಇನ್ನು ಬಸುರಿ ಬಾಣಂತಿಯರು ಹತ್ತಕೂಡದು ಎಂದು ಊರು ತೀರ್ಮಾನ ಮಾಡಿತು. ಪುರೋಹಿತರಾದ ಕೃಷ್ಣಯ್ಯನವರು ಬಂದು ಪುಣ್ಯಾಹ ಮಾಡಿ, ಗಾಡಿಗೆಲ್ಲ ಗಂಜಳ ಚಿಮುಕಿಸಿ ಹೋದರೂ ಒಬ್ಬಳೂ ಹತ್ತಲಿಲ್ಲ. ಊರಿನ ಬಾಯಿಗೆ ಮಣ್ಣು ಬೀಳಲಿ, ಉಗ್ರಪ್ಪನೂ ಅದನ್ನೇ ನಂಬಿಬಿಟ್ಟ. ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಅದಕ್ಕೇ. ಸೊಪ್ಪು, ಹುಲ್ಲು, ರಾಗಿ ಮೂಟೆ ಸಾಗಿಸತೊಡಗಿದ. ಯಾವಳಾದರೂ ಧೈರ್ಯ ಮಾಡಿ ಕರೆದರೆ, “ಬ್ಯಾಡ ಕಣವ್ವ, ಬಸ್ಸಲ್ಲಿ ಹೋಗು” ಎಂದು ತಾನೇ ಕೈಮುಗಿಯುತ್ತಿದ್ದ.

ಅವನಿಗೆ ಇದ್ದವಳು ಒಬ್ಬಳೇ ಮಗಳು, ಪುಟ್ಟಗೌರಿ. ಕೆಂಗೇರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಅಪ್ಪನ ಹಾಗಲ್ಲ, ನನ್ನ ಹಾಗೆ ಬಾಯಿ ಜೋರು.

“ಊರೋರ ಬಸುರೀರ್ನೆಲ್ಲ ಮೆರವಣಿಗೆ ಮಾಡ್ದೆ. ನನ್ನ ಮಾತ್ರ ಬಸ್ಸಿಗೆ ತುರುಕ್ತೀಯೇನಪ್ಪ?” ಎಂದು ಜಗಲಿಯ ಮೇಲೆ ಕೂತು ಅವನನ್ನು ಕಾಡುತ್ತಿದ್ದಳು.

“ಸುಮ್ಕಿರವ್ವ. ನೀನು ಮಗೂನ ಎತ್ಕೊಂಡು ಮನೆಗೆ ಬಂದ್ರೆ ಸಾಕು. ನಂಗಿನ್ನೇನೂ ಬ್ಯಾಡ,” ಎನ್ನುತ್ತಿದ್ದ.

ಅಷ್ಟೇ ಅವನ ಆಸೆ. ಅದಕ್ಕಾಗಿ ಮೈಸೂರು ರಸ್ತೆಯವರೆಗೆ ಹೋಗಿ ಹೋಗಿ ನಿಂತು, ಕೆಂಗೇರಿಯಿಂದ ಮಾರ್ಕೆಟ್ಟಿಗೆ ಹೋಗುವ ಬಸ್ಸು ಯಾವಾಗ ಬರುತ್ತದೆ, ಯಾವ ಕಂಡಕ್ಟರು ಒಳ್ಳೆಯವನು ಎಂದೆಲ್ಲ ನೋಡಿಕೊಂಡು ಬಂದ. ಗಾಡಿಜಾಡು ಸುತ್ತೆಂದು, ಊರಿನಿಂದ ರಸ್ತೆಗೆ ಗದ್ದೆ ಬದುವಿನ ಮೇಲೆ ನಡೆದೂ ನೋಡಿದ. “ಏನ್ ದೂರ ಪಾಪಕ್ಕ, ಒಂದು ಬೀಡಿ ಸೇದೋದ್ರೊಳಗೆ ಹೋಗ್ಬೋದು” ಎಂದು ನನಗೆ ಹೇಳಿದ. ಕೈಬೀಸಿ ನಡೆಯುವ ಗಂಡಸಿನ ಲೆಕ್ಕ ಅದು.

ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಗೋಡೆಯಾಚೆಯಿಂದ ಪುಟ್ಟಗೌರಿ ಚೀರಿದ್ದು ಕೇಳಿ ಹಿಟ್ಟಿನ ಕೈಯಲ್ಲೇ ಓಡಿದೆ. ಸೂಲಗಿತ್ತಿ ಮುನಿತಾಯಮ್ಮ ಒಳಗೆ ಹೋಗಿ ನೋಡಿದವಳೇ ಮುಖ ಸಣ್ಣ ಮಾಡಿಕೊಂಡು ಹೊರಗೆ ಬಂದಳು.

“ಮಗು ಅಡ್ಡ ತಿರುಗೈತೆ. ಇದು ನನ್ ಕೈಲಾಗೋದಲ್ಲ. ಈಗಿಂದೀಗ್ಲೇ ಆಸ್ಪತ್ರೆಗೆ ಹೊರಡಿ.”

ಸೊಪ್ಪು ಹೇರಲೆಂದು ಉಗ್ರಪ್ಪ ಆಗತಾನೇ ಗಾಡಿ ಹೂಡಿದ್ದ. ಬಾಗಿಲ ಮುಂದೆಯೇ ನಿಂತಿತ್ತು. ನಾವು ಹುಡುಗಿಯನ್ನು ಎತ್ತಿ ಹೊರಗೆ ತರುವಷ್ಟರಲ್ಲಿ ಈ ಪುಣ್ಯಾತ್ಮ ಏನು ಮಾಡಿದ ಎನ್ನುತ್ತೀರಿ? ಎಲ್ಲಿ ಬಲವಂತವಾಗಿ ಅದಕ್ಕೇ ಹತ್ತಿಸಿಬಿಡುತ್ತೇವೋ ಎಂದು ಕುದುರೆಯನ್ನು ಬಿಚ್ಚಿ ಹಿತ್ತಲಿಗೆ ಹೊಡೆದ.

“ಉಗ್ರಣ್ಣ, ತಲೆ ನೆಟ್ಟಗೈತಾ ನಿಂಗೆ? ಹೂಡಿದ್ ಗಾಡಿ ಬಿಚ್ತೀಯಲ್ಲ!” ಎಂದು ಕೂಗಾಡಿದೆ.

“ಅದ್ರಲ್ಲಿ ಹೋದೋಳು ಬದುಕಿ ಬರ್ಲಿಲ್ಲ ಪಾಪಕ್ಕ.”

“ನಾನು ಬರ್ಲಿಲ್ವಾ? ನನ್ ಮಕ್ಕಳು ಬರ್ಲಿಲ್ವಾ?”

“ಅದು ಮೊದ್ಲು,” ಎಂದ. “ಈಗ ಬ್ಯಾಡ. ನಿಮ್ ಕಾಲಿಗೆ ಬೀಳ್ತೀನಿ, ಬ್ಯಾಡ.” ನಿಜವಾಗಿಯೂ ಬೀಳಲು ಬಗ್ಗಿದ. ಅಕ್ಕಯ್ಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

ಕಂಬಳಿಯಲ್ಲಿ ಮಲಗಿಸಿ ನಾಲ್ಕು ಜನ ಹೊತ್ತುಕೊಂಡರು. ಬದುವೋ ಒಬ್ಬರೇ ನಡೆಯುವಷ್ಟು ಅಗಲ. ನೋವು ಬಂದಾಗಲೆಲ್ಲ ಅವಳನ್ನು ಇಳಿಸಬೇಕು, ಮತ್ತೆ ಎತ್ತಬೇಕು. ಇಳಿಸಿದಾಗಲೆಲ್ಲ ಪುಟ್ಟಗೌರಿ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿಯುತ್ತಿದ್ದಳು. ನಾವು ರಸ್ತೆ ಮುಟ್ಟುವ ಹೊತ್ತಿಗೆ ಬಸ್ಸು ಹೋಗಿಬಿಟ್ಟಿತ್ತು. ಇನ್ನೊಂದು ಬರುವವರೆಗೆ ಹುಣಸೆಮರದ ಕೆಳಗೆ ಮಲಗಿಸಿ ಸೆರಗಿನಿಂದ ಗಾಳಿ ಹಾಕಿದೆವು. ಬಸ್ಸನ್ನು ನಾನು ಬೈಯಲಾರೆ. ಅದು ತನ್ನ ಹೊತ್ತಿಗೆ ಬಂತು. ಕಂಡಕ್ಟರು ಗಂಡಸರನ್ನೆಲ್ಲ ಗದರಿಸಿ ಎಬ್ಬಿಸಿ ಹಿಂದಿನ ಸೀಟು ಪೂರ್ತಿ ಬಿಡಿಸಿಕೊಟ್ಟ. ಆದರೆ ಬಸ್ಸು ಹೋಗುವುದು ಮಾರ್ಕೆಟ್ಟಿನವರೆಗೆ ತಾನೆ? ಅಲ್ಲಿ ಇಳಿಸಿದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಉಗ್ರಪ್ಪ ಓಡಿಹೋಗಿ ಮೊದಲು ಕಂಡ ಜಟಕಾ ಹಿಡಿದು ತಂದ. ಅದರಲ್ಲಿ ಆಸ್ಪತ್ರೆ ಸೇರಿದೆವು.

ಮಗು ಹೊಟ್ಟೆಯಲ್ಲೇ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಪುಟ್ಟಗೌರಿಯೂ ಹೋದಳು. “ಸ್ವಲ್ಪ ಮುಂಚೆ ಕರ್ಕೊಂಡ್ ಬಂದಿದ್ರೆ ಇಬ್ರೂ ಉಳೀತಿದ್ರಲ್ಲಮ್ಮ,” ಎಂದರು ಡಾಕ್ಟರಮ್ಮ. ಹೇಳಿದ್ದು ನನಗೆ. ಉಗ್ರಪ್ಪ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ.

ನಮ್ಮನ್ನು ಕರೆತಂದ ಜಟಕಾದವನು ಗೇಟಿನ ಹತ್ತಿರ ಇದ್ದ. ಅಕ್ಕಯ್ಯಮ್ಮನ ಗೋಳು ಕೇಳಿ ಎದ್ದು ಬಂದ. ಒಳ್ಳೆಯ ಮನುಷ್ಯ, ಪಾಪ.

“ಅಣ್ಣ, ಊರಿಗೆ ನಾನೇ ತಲುಪಿಸ್ತೀನಿ ಬನ್ನಿ,” ಎಂದ.

ಉಗ್ರಪ್ಪ ಅವನ ಮುಖವನ್ನೇ ನೋಡಿದ. “ಹೆಣ ಹಾಕ್ಕೊಂಡೋದ್ರೆ ನಿನ್ ಗಾಡಿ ಯಾರಪ್ಪ ಹತ್ತಾರು?”

“ಆಸ್ಪತ್ರೆ ಬಾಗ್ಲು ಗಾಡಿ ಅಣ್ಣ ಇದು. ಹಂಗೆಲ್ಲ ನೋಡೋಕಾಗತ್ತಾ? ಬೆಳಿಗ್ಗೆ ಒಂದು ಮುದುಕಪ್ಪನ್ ಹೆಣ ಚಾಮರಾಜಪೇಟೆಗೆ ಬಿಟ್ಟೆ. ಬರ್ತಾನೇ ನಿಮ್ಮನ್ನ ಕರ್ಕೊಂಡ್ ಬಂದೆ. ನೀವು ಒಳಗಿದ್ದಾಗ ಒಂದು ಬಾಣಂತೀನೂ ಅವಳಿ ಮಕ್ಕಳ್ನೂ ಮನೆ ಮುಟ್ಟಿಸಿ ಬಂದೆ.”

ಉಗ್ರಪ್ಪ ಆ ಗಾಡಿಯ ಚಕ್ರ ಹಿಡಿದುಕೊಂಡು ನೆಲಕ್ಕೆ ಕುಸಿದ. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆಮೇಲೆ ಎದ್ದು, “ಬ್ಯಾಡ ಕಣಪ್ಪ. ನನ್ ಮಗಳ್ನ ನನ್ ಗಾಡೀಲೇ ಕರ್ಕೊಂಡೋಗ್ತೀನಿ” ಎಂದು ಹೊರಟುಹೋದ.

ಸಂಜೆಗೆ ಗಾಡಿ ಹೂಡಿಕೊಂಡು ಬಂದ. ಹುಲ್ಲು ದಪ್ಪಗೆ ಹರಡಿದ್ದ. ಮೇಲೆ ಜಮಖಾನ. ಹಿಂದೆ ಪರದೆಯನ್ನೂ ಕಟ್ಟಿದ್ದ. ಅದನ್ನು ಕಂಡು ಅಕ್ಕಯ್ಯಮ್ಮ ಎದೆ ಎದೆ ಬಡಿದುಕೊಂಡಳು. ಮಗಳನ್ನು ಅವನೇ ಎತ್ತಿ ಮಲಗಿಸಿದ. ಆ ಕಡೆ ಅಕ್ಕಯ್ಯಮ್ಮ, ಈ ಕಡೆ ನಾನು ಕೂತೆವು. ಅವನನ್ನು ಬೈಯಬೇಕೆಂದು ಎಷ್ಟೋ ಮಾತು ನಾಲಿಗೆಯ ತುದಿಗೆ ಬಂದಿದ್ದವು. ಅವನ ಬೆನ್ನು ನೋಡಿ ಎಲ್ಲ ನುಂಗಿಕೊಂಡೆ.

ಮೈಸೂರು ರಸ್ತೆ ಬಿಟ್ಟು ಊರಿನ ಗಾಡಿಜಾಡಿಗೆ ತಿರುಗಿದರೆ ಹಳ್ಳ ದಾಟಿ ಒಂದು ಏರು. ಏರಿನಲ್ಲಿ ಹಿಂಭಾರವಾಗಿ ಕುದುರೆ ಕಟ್ಟುವ ಮೂಕಿ ಮೇಲೇಳುತ್ತದೆ, ಕುದುರೆಗೆ ಎಳೆಯಲಾಗುವುದಿಲ್ಲ. ಕೂತವರು ಮುಂದಕ್ಕೆ ಸರಿಯಬೇಕು. ಗಾಡಿ ತಡವರಿಸಿತು. ಉಗ್ರಪ್ಪ ಹಿಂದಿರುಗಿ ನೋಡದೆ, ಮೆಲ್ಲಗೆ, “ಒಸಿ ಮುಂದಕ್ ಸರ್ಕೊಳವ್ವ ಗೌರಿ, ಏರು ಬಂತು,” ಎಂದ.

ನಾನೂ ಅಕ್ಕಯ್ಯಮ್ಮನೂ ಅವಳನ್ನು ಹಿಡಿದು ಮುಂದಕ್ಕೆ ಸರಿಸಿದೆವು.