ಆನೆ ಓಡಿಸುವ ದನಿ

ತಳಿ ಎಂಬ ಊರಿನ ರಾಗಿ ಹೊಲದಲ್ಲಿ ಬೆಳೆದ ನಾಗಲಕ್ಷ್ಮಿಗೆ ಹೊಸೂರಿನ ಕೈಗಡಿಯಾರದ ಕಾರ್ಖಾನೆಯಲ್ಲಿ ಕೆಲಸ. ದಿನವಿಡೀ ಉಸಿರು ಬಿಗಿಹಿಡಿದು ಸಾಸಿವೆಯಷ್ಟು ಸ್ಕ್ರೂ ಕೂರಿಸಬೇಕು. ಭಾನುವಾರ ಮಾತ್ರ ಅವಳು ಅವಲಪಲ್ಲಿಯ ಶೆಡ್ಡೊಂದರಲ್ಲಿ ಮೆಟಲ್ ಎಂಬ ಅಬ್ಬರದ ಸಂಗೀತದ ಬ್ಯಾಂಡಿನ ಗಾಯಕಿ. ಮೊದಲ ಆಲ್ಬಮ್ ಕೇಳಿದವರೆಲ್ಲ ದನಿ ಜೇನಿನಂತಿದೆ ಎಂದಿದ್ದರು. ಆ ಹೊಗಳಿಕೆ ಕೇಳಿ ಕೇಳಿ ಅವಳಿಗೆ ರೇಗಿಹೋಗಿತ್ತು. ಎರಡನೆಯದಕ್ಕೆ ಗಿಟಾರಿನ ಶ್ರುತಿ ತಗ್ಗಿಸಿ, ಹಾಡಿನ ನಡುನಡುವೆ ತಾಳ ಮುರಿಸಿ, ಹೊಟ್ಟೆಯಾಳದಿಂದ ಘರ್ಜಿಸಿದಳು.

ಗಿಟಾರಿನ ಶಶಿ ಬೆಚ್ಚಿಬಿದ್ದ. "ಅಕ್ಕಾ, ಜನ ಹೆದ್ರುಕೊಂಬುಡ್ತಾರೆ. ಹೋದ್ಸಲದಂಗೆ ನೈಸಾಗಿ ಹಾಡಕ್ಕಾ."

"ರಾಗಿಗೆ ಆನೆ ನುಗ್ದಾಗ ಯಾರಾದ್ರೂ ನೈಸಾಗಿ ಕೂಗ್ತಾರೇನ್ಲಾ? ಈ ದನಿ ನಮ್ಮಪ್ಪ ಕಲಿಸಿದ್ದು. ಒಂಚೂರೂ ತಗ್ಸಲ್ಲ. ರೆಕಾರ್ಡ್ ಮಾಡ್ಕೋ."

ಆಲ್ಬಮ್ ಹೊರಬಂದ ವಾರ ಅವಳು ಊರಿಗೆ ಹೋಗಿ ಅಪ್ಪ ಪಾಪಣ್ಣನ ಕಿವಿಗೆ ಇಯರ್‌ಫೋನು ಸಿಕ್ಕಿಸಿದಳು. ತಗಡಿನ ಡಬ್ಬ ಬಡಿದು, ಕೂಗಿ ಕೂಗಿ, ನಲವತ್ತು ವರ್ಷ ಬೆಳೆ ಕಾದ ಮನುಷ್ಯ. ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತು ಎಲ್ಲ ಹಾಡುಗಳನ್ನೂ ಕೊನೆತನಕ ಕೇಳಿದ. ಆಮೇಲೆ ತಲೆ ಅಡ್ಡಡ್ಡ ಆಡಿಸಿದ.

"ಸಾಲ್ದು ಕಣಮ್ಮ. ಇಷ್ಟಕ್ಕೆಲ್ಲ ಆನೆ ಹೋಗಲ್ಲ. ಇನ್ನೂ ಗಟ್ಟಿಯಾಗಿ ಕೂಗು."