ಅಳಿಯನ ಹೆಸರಿನ ಪಾತ್ರೆಗಳು

ನನ್ನ ಮದುವೆಗೆ ಕೊಡಿಸಿದ ಪಾತ್ರೆಗಳ ಮೇಲೆಲ್ಲ ಅಪ್ಪ ನನ್ನ ಗಂಡನ ಹೆಸರು ಹಾಕಿಸಿದ. ಅಳಿಯನಿಗೆ ಮರ್ಯಾದೆ ಕೊಟ್ಟಂತೆ ಅಂತ. ಕೊಟ್ಟೂರಿನ ಅಂಗಡಿಯಲ್ಲಿ ಕರೆಂಟಿನ ಸೂಜಿ ಹಿಡಿದವನು ಕೊಡ, ಗಂಗಾಳ, ಲೋಟಗಳ ಮೇಲೆ ಜುರ್ರನೆ ಬರೆಯುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ನಾಚಿಕೊಂಡಿದ್ದೆ. ಎಂಥ ಪೆದ್ದಿ ನಾನು.

ನಾಲ್ಕು ವರ್ಷಕ್ಕೆ ತಂಗಿಯ ಮದುವೆ. ಅದೇ ಅಂಗಡಿ. ಅವಳು ಮುಂದೆ ನುಗ್ಗಿ, "ನನ್ನ ಹೆಸರು ಬರೀರಿ" ಅಂದಳು. ಅಪ್ಪ ಗದರಿದ. "ನೀರು ತರಾಕಿ ನಾನು, ಅಡಿಗಿ ಮಾಡಾಕಿ ನಾನು. ಅವರ ಹೆಸರು ಯಾಕಪ್ಪ?" ಎಂದು ವಾದಕ್ಕೆ ನಿಂತಳು. ಅಂಗಡಿಯವನು ನಕ್ಕು ಬರೆದೇಬಿಟ್ಟ. ನಾನು ಹಾಗೆ ಕೇಳಿದ್ದರೆ ಅಪ್ಪ ಕೆನ್ನೆಗೆ ಬಾರಿಸುತ್ತಿದ್ದ. ಸಾಲದ್ದಕ್ಕೆ ಅವ್ವ ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನೂ ಅವಳಿಗೇ ಕೊಟ್ಟಳು. ಹಿರಿಯ ಮಗಳು ನಾನು ಕಣ್ಣೆದುರೇ ನಿಂತಿದ್ದೆ.

ನನ್ನನ್ನು ತೆಲಿಗಿಗೆ ಕೊಟ್ಟಿದ್ದರು, ಅವಳನ್ನು ಹಡಗಲಿಗೆ. ಗಂಡಂದಿರು ಇಬ್ಬರೂ ಹೊಡೆಯುವವರೇ. ಆದರೆ ಅವಳು ಎರಡನೇ ವರ್ಷಕ್ಕೇ ಬ್ಯಾಗು ಹಿಡಿದು ತವರಿಗೆ ಬಂದು ಕೂತಳು. ಸುದ್ದಿ ಕೇಳಿ ನೋಡಲು ಹೋದರೆ ಅವ್ವ ಅವಳ ಬೆನ್ನಿಗೆ ಉಪ್ಪಿನ ಶಾಖ ಕೊಡುತ್ತಿದ್ದಳು. ಅಪ್ಪ ತನ್ನ ಮಂಚ ಬಿಟ್ಟುಕೊಟ್ಟು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡಿದ್ದ. ನನ್ನ ಕಡೆ ತಿರುಗಿ, "ನೀನಾದ್ರೂ ಹೊಂದಿಕೊಂಡು ಹೊಂಟಿ, ನನ್ನ ಮಾನ ಉಳಿಸಿದಿ" ಅಂದ. ಅವಳ ಬೆನ್ನಿನ ಮೇಲಿದ್ದಂಥದೇ ಬಾಸುಂಡೆ ನನ್ನ ರಟ್ಟೆಯ ಮೇಲೂ ಇತ್ತು. ಸೆರಗು ಹೊದ್ದುಕೊಂಡೆ. ಆ ಉಪ್ಪಿನ ಗಂಟು ನೋಡುತ್ತಾ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮನೆಯೊಳಗಿನ ಹೊಡೆತದ ಬಗ್ಗೆ ಕಾಯ್ದೆ ಬಂದ ಹೊಸತು ಅದು. ಅಂಗನವಾಡಿ ಟೀಚರೊಬ್ಬರು ತಂಗಿಗೆ ಅರ್ಜಿ ಬರೆಸಿದರು. ಅವಳ ಸಾಮಾನು ಅವಳಿಗೆ ವಾಪಸ್ ಕೊಡಬೇಕೆಂದು ಕೋರ್ಟು ಹೇಳಿತು. ಅಂಗನವಾಡಿಗಳನ್ನು ನೋಡಿಕೊಳ್ಳುವ ಕಚೇರಿಯ ಮೇಡಂ, ಒಬ್ಬ ಪೊಲೀಸು, ಜೊತೆಗೆ ಮದುವೆಯ ಸಾಮಾನು ಬಲ್ಲವಳು ಅಂತ ನಾನು, ಎಲ್ಲರೂ ತಂಗಿಯ ಜೊತೆ ಹಡಗಲಿಗೆ ಹೋದೆವು. ಅಂಗಳದಲ್ಲಿ ಪಾತ್ರೆ ಸುರಿದರು. ಮೇಡಂ ಹೆಸರು ಓದಿ ಓದಿ ಪಕ್ಕಕ್ಕಿಟ್ಟರು. ಯಾರೂ ತಕರಾರು ತೆಗೆಯುವಂತಿರಲಿಲ್ಲ.

ಕೊನೆಗೆ ಉಳಿದದ್ದು ಹಂಡೆ. ಹಳೆಯದು, ಅದರ ಮೇಲೆ ಯಾರ ಹೆಸರೂ ಇರಲಿಲ್ಲ. "ಇದು ನಮ್ಮ ಮನೀದು" ಎಂದು ತಂಗಿಯ ಅತ್ತೆ ಅಡ್ಡ ನಿಂತಳು. ಮೇಡಂ ನನ್ನನ್ನು ಕೇಳಿದರು, "ನೀವು ಹೇಳ್ರಮ್ಮ, ಇದು ನಿಮ್ಮ ತವರಿಂದಾ?"

ಆ ಹಂಡೆಯ ನೀರಲ್ಲಿ ಮಿಂದು ಬೆಳೆದವಳು ನಾನು.

"ನಮ್ದಲ್ರಿ" ಅಂದೆ.

ಅತ್ತೆಗೇ ಆಶ್ಚರ್ಯವಾಯಿತು. ತಡಮಾಡದೆ ಹಂಡೆಯನ್ನು ಒಳಗೆ ಎಳೆದುಕೊಂಡಳು. ತಂಗಿ ನನ್ನ ಮುಖ ನೋಡಿದಳು, ಸೆರಗು ಸರಿದು ಹೊಸ ಬಾಸುಂಡೆ ಕಾಣುತ್ತಿದ್ದ ರಟ್ಟೆ ನೋಡಿದಳು. "ಅಕ್ಕ ಅಲ್ಲ ಅಂದಮ್ಯಾಲೆ ಬಿಡ್ರಿ ಮೇಡಂ" ಅಂದಳು. ಬಸ್ಸಿನಲ್ಲಿ ಬರುವಾಗ ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಹರಪನಹಳ್ಳಿ ಬರುವಷ್ಟರಲ್ಲಿ ಅದು ಇಳಿದು ಹೋಯಿತು.

ಮುಂದೆ ಎರಡು ವರ್ಷ ತಡೆದೆ. ಗಂಡ ನನ್ನ ಕೈ ಮುರಿದ ಮೇಲೆ ನಾನೂ ಬ್ಯಾಗು ಹಿಡಿದೆ. ನನಗೂ ಅದೇ ಆದೇಶ ಸಿಕ್ಕಿತು. ಅದೇ ಮೇಡಂ, ತಂಗಿ, ಅಪ್ಪ ತೆಲಿಗಿಗೆ ಬಂದರು. ಕೈಗೆ ಪಟ್ಟಿ ಕಟ್ಟಿಕೊಂಡು ನಾನು ಕಟ್ಟೆಯ ಮೇಲೆ ಕೂತಿದ್ದೆ. ಗಂಡ ಒಂದು ಗಂಗಾಳ ಎತ್ತಿ ಹಿಡಿದು, "ಓದ್ರಿ ಮೇಡಂ. ಎಲ್ಲಾದರ ಮ್ಯಾಲೂ ನಂದೇ ಹೆಸರು ಐತಿ" ಅಂದ. ಅಪ್ಪ ತಲೆ ತಗ್ಗಿಸಿದ. ನನ್ನದು ಅಂತ ತೋರಿಸಲು ಆ ಮನೆಯಲ್ಲಿ ಒಂದು ಲೋಟವೂ ಇರಲಿಲ್ಲ.

ತಂಗಿ ಚಪ್ಪಲಿ ಬಿಟ್ಟು ಪಾತ್ರೆಗಳ ನಡುವೆ ಕೂತಳು. "ಈ ಕೊಡದ ತಳಕ್ಕೆ ತಗ್ಗು ಐತಿ ನೋಡ್ರಿ. ಅಕ್ಕನ ಮದುವಿ ಹಿಂದಿನ ದಿನ ನಾನೇ ಬಾವಿ ಕಟ್ಟಿ ಮ್ಯಾಲೆ ಬೀಳಿಸಿದ್ದೆ. ಈ ಪರಾತದ ಅಂಚು ಸೊಟ್ಟ ಐತಿ, ಅಂಗಡಿಯಾಗೇ ಹಂಗಿತ್ತು, ಅಕ್ಕ ಬದಲಿ ಕೇಳಾಕೆ ಅಂಜಿದ್ಲು." ಒಂದೊಂದನ್ನೇ ತಿರುಗಿಸಿ ತೋರಿಸಿದಳು. ನನಗೇ ಮರೆತದ್ದು ಅವಳಿಗೆ ನೆನಪಿತ್ತು. ಮೇಡಂ ನನ್ನ ಗಂಡನನ್ನು ಕೇಳಿದರು: "ನಿಮಗೇನಾದ್ರೂ ಗುರುತು ಗೊತ್ತೇನ್ರಿ?" ಅವನು ತನ್ನ ಹೆಸರನ್ನೇ ಮತ್ತೆ ತೋರಿಸಿದ. ಪಾತ್ರೆಗಳು ಟೆಂಪೊ ಹತ್ತಿದವು.

ದಾರಿಯಲ್ಲಿ ತಡೆಯಲಾಗದೆ ಹೇಳಿದೆ: "ಆ ಹಂಡಿ ನಮ್ದೇ ಅಂತ ಗೊತ್ತಿತ್ತು ನನಗೆ."

"ಗೊತ್ತು ಬಿಡಕ್ಕ. ಅವತ್ತು ನಿನ್ನ ರಟ್ಟಿ ನೋಡಿದ್ದೆ. ಹಂಡಿ ಹೋಗ್ಲಿ, ನೀನು ಯಾವಾಗ ಬರ್ತಿ ಅಂತ ಕಾಯ್ತಿದ್ದೆ."

ನಾನು ಅತ್ತುಬಿಟ್ಟೆ. ಅಳುವಾಗಲೂ ಒಳಗೆ ಹೊಟ್ಟೆ ಉರಿಯುತ್ತಲೇ ಇತ್ತು. ಅಷ್ಟು ದೊಡ್ಡ ಮನಸ್ಸನ್ನೂ ಅವ್ವ ಅವಳಿಗೇ ಕೊಟ್ಟಿದ್ದಳು.